ಮುಂದಿನ ಬ್ರೇಕಿಗಿ ಅಂಜಬ್ಯಾಡ್ರಿ

ಯಕ್ಕಾ, ಸ್ವಲ್ಪ ಬೇಲಿ ಕಡೀ ಬರ್ರಿ. ಮೊಮ್ಮಗಳಿಗಿ “ಸೈಕಲಿನ ಮುಂದಿನ ಬ್ರೇಕ್ ಮುಟ್ಟಬ್ಯಾಡ, ಪಲ್ಟಿ ಹೊಡೀತಿ” ಅಂತ ಹೇಳ್ಲತ್ತಿದ್ರಲ್ಲ, ಆ ಮಾತು ಬಿಡ್ರಿ. ಆಳಂದ, ಅಫಜಲಪುರ, ಜೇವರ್ಗಿ ಎಲ್ಲಿ ಹೋದ್ರೂ ಹಿರೇರು ಇದನ್ನೇ ಹೇಳ್ತಾರ. ಹುಡುಗ್ರು ಹಿಂದಿಂದು ಒಂದೇ ಜಗ್ತಾವ, ಗಾಲಿ ಜಾರಿ ಅಡ್ಡ ಬೀಳ್ತಾವ.

ಬ್ರೇಕ್ ಹತ್ತಿದ ಕೂಡಲೇ ಮೈಭಾರ ಮುಂದಿನ ಗಾಲಿ ಮ್ಯಾಲ ಬರ್ತದ. ಹಿಂದಿನ ಗಾಲಿ ಹಗುರಾಗಿ ನೆಲ ಬಿಡ್ಲಾಕ ನೋಡ್ತದ. ಹಿಂದಿನ ಬ್ರೇಕ್ ಒಂದನ್ನೇ ನಂಬಿದ್ರ ನಿಲ್ಲಲಾಕ ಸುಮಾರು ಎರಡು ಪಟ್ಟು ಜಾಗ ಬೇಕು. ಪಲ್ಟಿ ಆಗೋದು ಸುಳ್ಳಲ್ರಿ, ಆದ್ರ ಗಾಬರ್ಯಾಗಿ ಒಮ್ಮಿಗೇ ಜಗ್ಗಿದಾಗ, ಮೈ ಮುಂದಕ್ಕ ವಾಲಿದಾಗ. ಕುಂಡಿ ಸೀಟಿನ ಹಿಂದಕ್ಕ ಸರಿಸಿ, ಹ್ಯಾಂಡಲಿಗಿ ಕೈ ಊರಿ, ಎರಡೂ ಬ್ರೇಕ್ ಕೂಡೇ ಒತ್ತಬೇಕು, ಒತ್ತತಾ ಬಿಗಿ ಮಾಡಬೇಕು. ಹಿಂದಿನ ಗಾಲಿ ಜಾರ್ಲತ್ತದ ಅಂದ್ರ ಮುಂದಿಂದು ಚೂರು ಸಡಿಲ ಮಾಡಿದ್ರ ಸಾಕು, ಭಾರ ತಿರುಗಿ ಹಿಂದ ಬರ್ತದ. ತಿರುವಿನಾಗ ಮಾತ್ರ ಬ್ಯಾಡ. ತಿರುಗೋದಕ್ಕಿಂತ ಮೊದಲೇ ಓಟ ಇಳಿಸಬೇಕು.

ತಾಸಿಗಿ 18 ಕಿಲೋಮೀಟರ್ ಓಟದಾಗ ಒಂದು ಸೆಕೆಂಡಿಗಿ 5 ಮೀಟರ್ ಹೋಗ್ತದ. ಕಣ್ಣು ನೋಡಿ ಕೈ ಒತ್ತೋದ್ರಾಗ ಅಷ್ಟು ದಾರಿ ಮುಗೀತದ. ಓಟ ಎರಡು ಪಟ್ಟಾದ್ರ, ಬ್ರೇಕ್ ಹತ್ತಿದ ಮ್ಯಾಲ ನಿಲ್ಲೋ ದೂರ ನಾಕು ಪಟ್ಟು.

ನನಗ ಚಿಂತಿ ಹಚ್ಚಿದ್ದು ಕಬ್ಬಿನ ಸುಗ್ಗಿ. ಭೂಸನೂರು, ಹವಳಗಾ ಸಕ್ಕರಿ ಕಾರ್ಖಾನಿ ಸುರು ಆದ್ರ ಟ್ರ್ಯಾಕ್ಟರಿಗಿ ಎರಡೆರಡು ಟ್ರೇಲರ್, ಹಿಂದ ದೀಪ ಇರಲ್ಲ. ತೊಗರಿ ರಾಶಿ ಬಂತಂದ್ರ ರೋಡಿನ ಮ್ಯಾಲೇ ಹೊಟ್ಟು. ಅಂಥಾ ಸಡಿಲ ಜಾಗದಾಗ ಮುಂದಿನ ಗಾಲಿ ಜಾರಿದ್ರ ಹಿಡಿಯಾಕಾಗಲ್ಲ, ಅಲ್ಲಿ ಹಿಂದಿಂದೇ ಮೆತ್ತಗ ಹಿಡೀಬೇಕು. ಮಳಿಯಾಗ ಎರಿ ಮಣ್ಣು ಮಡ್ಗಾರ್ಡಿನಾಗ ಮೆತ್ತಿಕೋತದ, ಸ್ಟೀಲ್ ರಿಮ್ಮು ತೋಯ್ದು ಬ್ರೇಕ್ ಹತ್ತಂಗಿಲ್ಲ. ಆವಾಗ ನಡುವ ನಡುವ ಹಗುರ ಒತ್ತಿ ನೀರು ಒರಸಬೇಕು.

ಇಂಥಾ ದಾರಿಯಾಗೇ ಹುಡುಗ್ರು ಸಾಲಿಗಿ ಹೋಗೋದು. 2006-07ರಾಗ ಸರ್ಕಾರ ಎಂಟನೇತ್ತೆ ಹುಡುಗ್ರಿಗಿ ಸೈಕಲ್ ಕೊಡ್ಲಾಕ ಸುರು ಮಾಡಿದಾಗ ಎಷ್ಟೋ ಹೆಣ್ಣುಮಕ್ಕಳು ಪಕ್ಕದ ಊರಿನ ಹೈಸ್ಕೂಲಿಗಿ ಹೋಗಂಗಾಯ್ತು. ಭಾಳ ಛಲೋ ಕೆಲಸ ಅದು. ಸೈಕಲ್ ಜೋಡಿ ಸಾಲಿ ಬಯಲಿನಾಗ ಒಂದು ತಾಸು ಬ್ರೇಕ್ ಹಿಡಿಯೋದೂ ಕಲಿಸಬೇಕಿತ್ತು ಅಂತೀನಿ ನಾ.

ಐತಾರ ಮುಂಜಾನಿ ಪೋರಿಗಿ ಕಳಸ್ರಿ, ನಾನೇ ಕಲಿಸ್ತೀನಿ. ಅದಕ್ಕಿಂತ ಮೊದಲು ಮುಂದಿನ ಬ್ರೇಕ್ ರಬ್ಬರ್ ಬದಲಿಸ್ರಿ, ಸವೆದು ಕಬ್ಬಿಣ ಕಾಣ್ಲತ್ತದ.