ಕಂಪೈಲರಿನ ಕಾರ್ಣಿಕ: ಹಾವೇರಿ ಜಿಲ್ಲೆಯವರಿಗೆ ತಜ್ಞ ಸಲಹೆ

ಹಾವೇರಿ ಜಿಲ್ಲೆಯಲ್ಲಿ ರೇಡಿಯೊ ಕೇಳಲು ಎರಡು ದಾರಿಗಳಿವೆ. ಟ್ರಾನ್ಸಿಸ್ಟರಿನ ಕಿವಿ ಹಿಂಡಿ 765 ಕಿಲೋಹರ್ಟ್ಸ್‌ಗೆ ತಂದರೆ ಧಾರವಾಡ ಆಕಾಶವಾಣಿ ಮಾತಾಡುತ್ತದೆ. ಇದರಲ್ಲಿ ವಿದ್ಯೆಯೇನೂ ಇಲ್ಲದ್ದರಿಂದ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಎರಡನೆಯದು, ಟಿವಿ ನೋಡಲೆಂದು ತಯಾರಾದ ಯುಎಸ್‌ಬಿ ಡಾಂಗಲ್ಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಗ್ನೂ ರೇಡಿಯೊ ಎಂಬ ಮುಕ್ತ ತಂತ್ರಾಂಶವನ್ನು ನಾವೇ ಅದರ ಮೂಲ ಬರಹವಾದ ಸೋರ್ಸ್‌ನಿಂದ ಕಂಪೈಲ್ ಮಾಡಿ ಕೇಳುವುದು. ಆ ಡಾಂಗಲ್ಲಿನ ಆರ್‌ಟಿಎಲ್2832ಯು ಚಿಪ್ಪು ಕಚ್ಚಾ ಸಂಕೇತವನ್ನೂ ಹೊರಗೆ ಕೊಡಬಲ್ಲದೆಂದು 2012ರಲ್ಲಿ ಜಗತ್ತಿಗೆ ಗೊತ್ತಾಯಿತು. ಸಾಮಾನ್ಯ ಡಾಂಗಲ್ 24 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಧಾರವಾಡ ಸಿಗುವುದಿಲ್ಲ. ಧಾರವಾಡವೇ ಬೇಕೆನ್ನುವವರಿಗೆ ಮೊದಲ ದಾರಿ ಇದ್ದೇ ಇದೆ.

ಒಂದು ಕಮಾಂಡ್ ಹೊಡೆದರೆ ಸಿದ್ಧ ಪ್ಯಾಕೇಜೇ ಬಂದು ಕೂರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಕೂರುತ್ತದೆ. ಪ್ಯಾಕೇಜ್ ಹಾಕಿಕೊಂಡವನಿಗೆ ರೇಡಿಯೊ ಸಿಗುತ್ತದೆ, ಕಂಪೈಲ್ ಮಾಡಿದವನಿಗೆ ಅನುಭವ ಸಿಗುತ್ತದೆ. ಎರಡೂ ಸಿಕ್ಕವರು ನನ್ನ ಬಳಿ ಸಲಹೆಗೆ ಬರುವುದಿಲ್ಲವಾದ್ದರಿಂದ ಅವರ ಬಗ್ಗೆ ನಾನು ಬರೆಯಲಾರೆ.

ಕಂಪೈಲರ್ ಏನು ಹೇಳುತ್ತದೆ ಎಂಬುದನ್ನು ತಿಳಿಯಲು ರಾಣೆಬೆನ್ನೂರು ಸೀಮೆಯವರಿಗೆ ಇರುವಷ್ಟು ತಯಾರಿ ಬೆಂಗಳೂರಿನವರಿಗಿಲ್ಲ. ಅಲ್ಲಿನ ದೇವರಗುಡ್ಡದಲ್ಲಿ, ಭವಿಷ್ಯ ನುಡಿಯುವ ಕಾರ್ಣಿಕದ ದಿನ, ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಜನರನ್ನು ಸುಮ್ಮನಾಗಿಸಿ, ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ. ಅದು ಮಳೆಯ ಮಾತೋ, ಹತ್ತಿಯ ದರದ್ದೋ, ಸರ್ಕಾರ ಬೀಳುವುದರದ್ದೋ ಎಂಬುದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ಮುಂದಿನ ಕಾರ್ಣಿಕದವರೆಗೆ ಬಿಡಿಸುತ್ತಾರೆ. ಜಿಸಿಸಿ ಕಂಪೈಲರ್ 1987ರಿಂದ ಇದೇ ಸೇವೆ ಮಾಡಿಕೊಂಡು ಬಂದಿದೆ. ವ್ಯತ್ಯಾಸವಿಷ್ಟೇ, ಗೊರವಯ್ಯ ಒಂದು ಮಾತಿಗೆ ನಿಲ್ಲಿಸುತ್ತಾನೆ.

ಪರದೆಯ ತುಂಬ ಕೆಂಪಕ್ಷರ ಹರಿದು ನಿಂತಾಗ ಕೊನೆಯಲ್ಲಿ ‘ಮೇಕ್: ಎರರ್ 2’ ಎಂದಿರುತ್ತದೆ. ಹೊಸಬರು ಇದನ್ನೇ ಫೋಟೊ ತೆಗೆದು ಕಳಿಸುತ್ತಾರೆ. ಎರರ್ 2 ಎಂದರೆ ಮೇಲೆಲ್ಲೋ ಕೆಲಸ ಕೆಟ್ಟಿದೆ ಎಂದು, ಕಂಪೈಲರನ್ನು ಕೆಲಸಕ್ಕೆ ಹಚ್ಚುವ ಮೇಕ್ ವರದಿ ಒಪ್ಪಿಸಿದ್ದು, ಅಷ್ಟೆ. ಮೇಲಕ್ಕೆ ಸರಿಸುತ್ತ ಹೋದರೆ ಎರರ್ 1 ಸಿಗುತ್ತದೆ, ಅದರ ಮೇಲೆ ಕಂಪೈಲರ್ ಹೇಳಿದ ಮೊಟ್ಟಮೊದಲ ದೂರು. ಉಳಿದ ನಾನೂರು ಸಾಲು ಅದರ ಮಕ್ಕಳು ಮೊಮ್ಮಕ್ಕಳು. ಈ ಒಂದು ಗುಟ್ಟಿನ ಮೇಲೆಯೇ ನನ್ನ ತಜ್ಞತೆ ನಿಂತಿರುವುದರಿಂದ ಓದುಗರು ಇದನ್ನು ಯಾರಿಗೂ ಹೇಳಬಾರದಾಗಿ ವಿನಂತಿ.

ರಾಣೆಬೆನ್ನೂರಿನ ಬೀಜದಂಗಡಿಯ ಹುಡುಗನೊಬ್ಬ 2025ರ ಬೇಸಿಗೆಯಲ್ಲಿ ಈ ಕಾರ್ಯಕ್ಕೆ ಕೈಹಾಕಿದ. ಅಮೆರಿಕದ ನೋವಾ ಹವಾಮಾನ ಉಪಗ್ರಹಗಳು 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೋಡದ ಚಿತ್ರ ಕಳಿಸುತ್ತವೆ, ಅದನ್ನು ಅಂಗಡಿಯ ಮಾಳಿಗೆಯ ಮೇಲೆಯೇ ಹಿಡಿದರೆ ಗೋವಿನಜೋಳದ ಬೀಜ ಯಾವಾಗ ತರಿಸಬೇಕೆಂದು ಗೊತ್ತಾಗುತ್ತದೆ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಿತ್ತು.

‘ಅಣ್ಣಾರ, ನೋ ಸಚ್ ಫೈಲ್ ಅನ್ನಾಕತ್ತೈತ್ರಿ.’

‘ಯಾವ ಫೈಲೋ?’

‘ಬೂಸ್ಟಿಂದ್ರೀ. ಬೂಸ್ಟ್ ಹಾಕೇನ್ರಿ. ನನಗ ಕಾಣತೈತಿ, ಅದಕ್ಕ ಕಾಣವಲ್ದು.’

ಬೂಸ್ಟ್ ಒಂದು ಲೈಬ್ರರಿ. ಉಬುಂಟು, ಡೆಬಿಯನ್ ಲಿನಕ್ಸ್‌ಗಳಲ್ಲಿ ಲೈಬ್ರರಿಯನ್ನು ಎರಡು ಪಾಲು ಮಾಡಿಟ್ಟಿರುತ್ತಾರೆ. ಓಡುವುದಕ್ಕೆ ಒಂದು ಪಾಲು, ಕಟ್ಟುವುದಕ್ಕೆ ಬೇಕಾದ ಹೆಡರ್ ಕಡತಗಳಿಗೆ ಹೆಸರಿನ ಕೊನೆಗೆ ‘ಡೆವ್’ ಅಂಟಿಸಿದ ಇನ್ನೊಂದು ಪಾಲು. ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ ಕಂಪೈಲರ್ ‘ಹೆಡರ್ ಪ್ಯಾಕೇಜ್ ಹಾಕಪ್ಪ’ ಎನ್ನುವುದಿಲ್ಲ, ಕಡತವಿಲ್ಲ ಎನ್ನುತ್ತದೆ. ಹುಡುಗ ಬೂಸ್ಟ್‌ಗೆ ಡೆವ್ ಹಾಕಿದ, ಆಮೇಲೆ ಎಫ್‌ಎಫ್‌ಟಿಡಬ್ಲ್ಯುಗೆ, ಆಮೇಲೆ ಕ್ಯೂಟಿಗೆ. ಕೊನೆಕೊನೆಗೆ ಹೆಸರು ಕಂಡಕಂಡದ್ದಕ್ಕೆಲ್ಲ ಡೆವ್ ಹಚ್ಚಿ ಹೊಡೆಯುತ್ತಿದ್ದ. ಇದೇ ಸರಿಯಾದ ವಿಧಾನ.

ಬ್ಯಾಡಗಿಯ ಪ್ರಕರಣ ಬೇರೆ ಜಾತಿಯದು. ಅಲ್ಲಿನ ದಲಾಲಿ ಅಂಗಡಿಯೊಂದರ ಗುಮಾಸ್ತರು 4 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ, ಬೇಗ ಆಗಲೆಂದು, ಎಂಟು ಕೆಲಸ ಒಟ್ಟಿಗೆ ನಡೆಸುವಂತೆ ಮೇಕ್‌ಗೆ ಹೇಳಿದರು. ಗ್ನೂ ರೇಡಿಯೊ 3.9ರಿಂದ, ಅಂದರೆ 2021ರಿಂದ, ಪೈಥಾನ್ ಜೋಡಣೆಗೆ ಪೈಬೈಂಡ್11 ಬಳಸುತ್ತದೆ. ಆ ಕಡತಗಳು ಒಂದೊಂದೂ ಮೆಮೊರಿ ನುಂಗುತ್ತವೆ. ಮೆಮೊರಿ ತೀರಿದಾಗ ಲಿನಕ್ಸ್ ಕರ್ನಲ್ ಯಾರನ್ನೂ ಕೇಳದೆ ಕಂಪೈಲರನ್ನು ಕೊಲ್ಲುತ್ತದೆ. ಪರದೆಯ ಮೇಲೆ ‘ಕಿಲ್ಡ್’ ಎಂದಷ್ಟೇ ಬರುತ್ತದೆ. ಯಾರು, ಏಕೆ, ಎಂಬ ವಿವರವಿಲ್ಲ. ಗುಮಾಸ್ತರು ವೈರಸ್ ಎಂದು ತಿಳಿದು ಇಂಟರ್‌ನೆಟ್ ವೈರು ಕಿತ್ತರು.

ಅಂದು ಸೋಮವಾರ, ಸಂತೆಯ ದಿನ. ಚೀಲದಿಂದ ಸುರಿದ ಮೆಣಸಿನಕಾಯಿಯ ಕೆಂಪು ದೂಳು ಲ್ಯಾಪ್‌ಟಾಪಿನ ಜಾಲರಿಯ ಮೇಲೆ ಪದರವಾಗಿ ಕೂತಿತ್ತು, ಫ್ಯಾನು ಅದನ್ನು ಎಳೆದುಕೊಂಡು ಇನ್ನೊಂದು ಬದಿಯಿಂದ ಗಿರಾಕಿಗಳ ಮುಖಕ್ಕೆ ಊದುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು 2011ರಲ್ಲಿ ಭೌಗೋಳಿಕ ಗುರುತು ಪಡೆಯುವ ಮೊದಲಿನಿಂದಲೂ ಹೇಳುತ್ತಾರೆ. ಆ ಫ್ಯಾನಿನ ಎದುರು ಕೂತವರು ಈ ಮಾತನ್ನು ಒಪ್ಪಲಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿಸಿ ಎಂದು ಸಲಹೆ ಕೊಟ್ಟೆ. ಲಾಟ್ ಹಚ್ಚಿ, ಟೆಂಡರ್ ಬಂದು, ತೂಕ ಮುಗಿದು, ರೈತರು ಪಟ್ಟಿ ಇಸಿದುಕೊಂಡು ಊರು ಸೇರಿದ ಮೇಲೂ ಕಂಪೈಲ್ ಅರ್ಧ ದಾಟಿರಲಿಲ್ಲ. ಆದರೆ ಯಾರೂ ಕೊಲೆಯಾಗಲಿಲ್ಲ.

ಇತ್ತ ರಾಣೆಬೆನ್ನೂರಿನಲ್ಲಿ ಹುಡುಗ ಹೊಸ ಸಂಕಟಕ್ಕೆ ಸಿಕ್ಕಿದ್ದ. ಉಪಗ್ರಹದ ಸಂಕೇತವನ್ನು ಚಿತ್ರವಾಗಿಸುವ ಹಳೆಯ ಡಿಕೋಡರ್ ಒಂದರ ಸೋರ್ಸ್‌ನಲ್ಲಿ ವರ್ಷಗಳಿಂದ ಒಂದಕ್ಷರ ಬದಲಾಗಿರಲಿಲ್ಲ, ತಪ್ಪುಗಳು ಮಾತ್ರ ಬೆಳೆದಿದ್ದವು. ಇದು ಸಹಜ. ಕಂಪೈಲರಿಗೆ ವಯಸ್ಸಾದಂತೆ ಸಿಟ್ಟು ಹೆಚ್ಚುತ್ತದೆ. 2020ರ ಜಿಸಿಸಿ 10, ಒಂದೇ ಜಾಗತಿಕ ಚರಾಂಶವನ್ನು ಎರಡು ಸಿ ಕಡತಗಳಲ್ಲಿ ‘ಎಕ್ಸ್‌ಟರ್ನ್’ ಹಚ್ಚದೆ ಘೋಷಿಸುವುದನ್ನು ಸಹಿಸುವುದು ಬಿಟ್ಟಿತು. 2023ರ ಜಿಸಿಸಿ 13, ‘ಸಿಎಸ್‌ಟಿಡಿಇಂಟ್’ ಹೆಡರನ್ನು ಕರೆಯದೆ ಅದರ ಹೆಸರು ಬಳಸಿದ ಕಡತಗಳನ್ನು ಗುರುತು ಹಿಡಿಯದಾಯಿತು. ಮರುವರ್ಷದ ಜಿಸಿಸಿ 14, ಘೋಷಿಸದ ಫಂಕ್ಷನ್ ಕರೆದರೆ ಮೊದಲು ಬರೇ ಗದರುತ್ತಿದ್ದುದು, ಈಗ ಹೊರಗಟ್ಟುತ್ತದೆ. ಕಂಪೈಲರಿಗೂ ಮೊದಲು ಎದುರಾಗುವ ಸಿಮೇಕ್, ತನ್ನ 2025ರ 4ನೇ ಆವೃತ್ತಿಯಲ್ಲಿ, ತೀರ ಹಳೆಯ ಯೋಜನೆಗಳನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ, ಜೊತೆಗೆ ‘ಇದು 3.5ರ ಕಾಲದ್ದೆಂದು ತಿಳಿದುಕೋ’ ಎಂದು ತನಗೆ ಸುಳ್ಳು ಹೇಳುವ ಆಯ್ಕೆಯನ್ನೂ ತಾನೇ ಕೊಡುತ್ತದೆ. ಹುಡುಗನಿಗೆ ಸುಳ್ಳು ಹೇಳಲು ಹೇಳಿದೆ. ಹೇಳಿದ, ಒಳಗೆ ಬಿಟ್ಟಿತು.

ಇದ್ಯಾವುದಕ್ಕೂ ಬಗ್ಗದಿದ್ದರೆ ಬಿಲ್ಡ್ ಫೋಲ್ಡರನ್ನೇ ಅಳಿಸಿ ಮೊದಲಿನಿಂದ ಶುರುಮಾಡಿಸಬೇಕು. ಅದರಿಂದಲೂ ಆಗದಿದ್ದಾಗ ತಜ್ಞ ‘ನನ್ನ ಕಡೆ ಆಗೇತಲ್ಲ’ ಎನ್ನಬೇಕು. ಅಲ್ಲಿಗೆ ತಜ್ಞನ ಜವಾಬ್ದಾರಿ ಮುಗಿಯಿತು.

ಕಂಪೈಲ್ ಮುಗಿದ ಮೇಲಿನವು ಸಣ್ಣ ಸಂಗತಿಗಳು. ಹಾಕಿದ ಲೈಬ್ರರಿ ಸಿಗುತ್ತಿಲ್ಲವೆಂದರೆ ಎಲ್‌ಡಿಕಾನ್ಫಿಗ್ ಎಂಬ ಕಮಾಂಡ್ ಹೊಡೆಯಬೇಕು. ಡಾಂಗಲ್ ಸಿಗುತ್ತಿಲ್ಲವೆಂದರೆ ಕರ್ನಲ್ಲಿನ ಟಿವಿ ಡ್ರೈವರ್ ಅದನ್ನು ಹಿಡಿದು ಕೂತಿದೆ ಎಂದರ್ಥ, ಕಪ್ಪುಪಟ್ಟಿಗೆ ಸೇರಿಸಬೇಕು. ಟಿವಿ ಡಾಂಗಲ್ ಕೊಂಡವರು ಟಿವಿ ನೋಡುತ್ತಾರೆಂದು ಕರ್ನಲ್ ನಂಬಿದೆ, ಪಾಪ.

‘ಅಣ್ಣಾರ, ಆತ್ರಿ! ನೂರಕ್ಕ ನೂರು!’ ಎಂದು ಹುಡುಗ ಫೋನ್ ಮಾಡಿದಾಗ ಆಗಸ್ಟ್ ಮುಗಿಯುತ್ತ ಬಂದಿತ್ತು. ಒಂದೂ ಎರರ್ ಇಲ್ಲ.

‘ಚಿತ್ರ ಬಂತೇನೋ?’

‘ಇಲ್ರಿ. ಬರೇ ಗೊರ್ ಅಂತೈತ್ರಿ.’

ಗೊರ್ ಶಬ್ದವನ್ನು ಫೋನಿನಲ್ಲೇ ಕೇಳಿಸಿಕೊಂಡೆ. ಬಹಳ ಶುದ್ಧವಾಗಿತ್ತು. ನೋವಾ-18 ಜೂನ್‌ನಲ್ಲೇ ನಿವೃತ್ತಿಯಾಗಿತ್ತು, ನೋವಾ-19 ಮತ್ತು 1998ರಿಂದ ಸುತ್ತುತ್ತಿದ್ದ ನೋವಾ-15 ಎರಡನ್ನೂ ಆಗಸ್ಟ್‌ನಲ್ಲಿ ನಿಲ್ಲಿಸಿದ್ದರು. ತಂತ್ರಾಂಶದಲ್ಲಿ ದೋಷವಿಲ್ಲ, ದೋಷ ಆಕಾಶದಲ್ಲಿದೆ ಎಂದು ಷರಾ ಬರೆದೆ. ಗೋವಿನಜೋಳದ ಬೀಜ ಅವರಪ್ಪ ಜೂನ್‌ನಲ್ಲೇ ಮಾರಿ ಮುಗಿಸಿದ್ದರಂತೆ.

ರಷ್ಯಾದ ಮೀಟಿಯೋರ್ ಉಪಗ್ರಹಗಳು ಅದೇ 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಚಿತ್ರ ಕಳಿಸುತ್ತವೆ, ಇನ್ನೂ ಚೆಂದನೆಯವು. ಅವನ್ನು ಬಿಡಿಸಲು ಸ್ಯಾಟ್‌ಡಂಪ್ ಎಂಬ ಬೇರೊಂದು ತಂತ್ರಾಂಶ ಬೇಕು. ಅದರ ಸಿದ್ಧ ಪ್ಯಾಕೇಜ್ ಇರುವ ವಿಷಯವನ್ನು ನಾನು ಎತ್ತಲಿಲ್ಲ, ಅವನೂ ಕೇಳಲಿಲ್ಲ. ಎನ್‌ಎನ್‌ಜಿ ಲೈಬ್ರರಿ ಸಿಗುತ್ತಿಲ್ಲವೆಂದು ಮರುದಿನವೇ ಫೋನ್ ಬಂತು. ಡೆವ್ ಹಚ್ಚಿ ನೋಡು ಎಂದಿದ್ದೇನೆ.