ಲಗ್ನಪತ್ರಿಕೆಯ ಮೇಲೊಂದು ತಲೆಬುರುಡೆ

ನೆಟ್ಟಗೆ ನಡೆಯುತ್ತಿರುವ ಯಾವುದನ್ನು ಕಂಡರೂ ನನಗೆ ಕೈ ತುರಿಸುತ್ತದೆ. ಗೋಡೆ ಗಡಿಯಾರ, ಮಿಕ್ಸಿ, ಪಕ್ಕದ ಮನೆಯವರ ಸ್ಟೆಬಿಲೈಸರು ಎಲ್ಲವೂ ಈ ಕೈಯ ರುಚಿ ಕಂಡಿವೆ. ಪೊಳ್ಳಾಚಿಗೆ ಬಂದು ನೆಲೆಸಿದ ಮೇಲೆ ಈ ಕೈಗೆ ಸಿಕ್ಕಿದ್ದು ಲಿನಕ್ಸ್.

ಅದೂ ನನ್ನದಲ್ಲ. 2011ರಿಂದ ತಮಿಳುನಾಡು ಸರ್ಕಾರ ಮಕ್ಕಳಿಗೆ ಪುಕ್ಕಟೆ ಲ್ಯಾಪ್‌ಟಾಪ್ ಹಂಚಿತಲ್ಲ, ಮುಚ್ಚಳದ ಮೇಲೆ ಮುಖ್ಯಮಂತ್ರಿಯ ಚಿತ್ರವಿದ್ದದ್ದು, ಅಂಥದ್ದೊಂದು. ಎದುರುಮನೆಯ ಹುಡುಗಿ ಓದು ಮುಗಿಸಿ ಕೊಯಮತ್ತೂರಿನಲ್ಲಿ ಕೆಲಸ ಹಿಡಿದಳು, ಹೊಸದು ಕೊಂಡಳು, ಹಳೆಯದು ನನ್ನ ಮೇಜಿಗೆ ಬಂತು. ವಿಂಡೋಸ್ ಜೊತೆ ಅದರಲ್ಲಿ ಬಾಸ್ ಕೂಡ ಇತ್ತು. ಡೆಬಿಯನ್ ಆಧರಿಸಿ ಚೆನ್ನೈನ ಸಿ-ಡ್ಯಾಕ್ ಕಟ್ಟಿದ ಲಿನಕ್ಸ್ ಅದು. ಐಬಸ್ ಹಾಕಿಕೊಂಡೆ, ಕನ್ನಡ ಟೈಪಾಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಬೆಂಗಳೂರಿನಿಂದ ಅಳಿಯ ಫೋನಿನಲ್ಲಿ ಊದಿದ: "ಮಾವ, ಹಳೇ ಯಂತ್ರಕ್ಕೆ ಅಷ್ಟು ಭಾರ ಹೊರಿಸಬೇಡಿ. ವಿಂಡೋ ಮ್ಯಾನೇಜರ್ ಬದಲಾಯಿಸಿ." ಕಿಟಕಿಗಳಿಗೆ ಚೌಕಟ್ಟು, ತಲೆಪಟ್ಟಿ, ಮುಚ್ಚುವ ಗುಂಡಿ ಕೊಡುವುದು, ಯಾವುದು ಮೇಲೆ ಯಾವುದು ಅಡಿಗೆ ಎಂದು ತೀರ್ಮಾನಿಸುವುದು, ಇಷ್ಟೇ ಅದರ ಉದ್ಯೋಗ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಈ ಉದ್ಯೋಗವನ್ನು ಬೇಕೆಂದೇ ತನ್ನಿಂದ ಹೊರಗಿಟ್ಟಿತು, ಅವರವರಿಗೆ ಬೇಕಾದವನನ್ನು ಅವರವರೇ ಕೂರಿಸಿಕೊಳ್ಳಲಿ ಎಂದು. ಇಂಥ ಉದಾರತನ ನನ್ನಂಥವನ ಕೈಗೆ ಸಿಗಬಾರದು. ಇರುವುದರಲ್ಲಿ ಹಗುರವಾದದ್ದು ಯಾವುದೆಂದು ಹುಡುಕಿ ಟಿಡಬ್ಲ್ಯೂಎಂ ಇಳಿಸಿಕೊಂಡೆ. 1987ರಲ್ಲಿ ಟಾಮ್ ಲಾಸ್ಟ್ರೇಂಜ್ ಎಂಬಾತ ಬರೆದದ್ದು. ಹೆಸರೇ ಎಚ್ಚರಿಸಿತ್ತು.

ಅಪ್‌ಡೇಟ್-ಆಲ್ಟರ್ನೇಟಿವ್ಸ್ ಆಜ್ಞೆ ಕೊಟ್ಟು, ಪಟ್ಟಿಯಲ್ಲಿ ಅದರ ಸಂಖ್ಯೆ ಒತ್ತಿ, ಯಂತ್ರವನ್ನು ಮತ್ತೆ ಎಬ್ಬಿಸಿದರೆ ಬಾಸ್ ಜೊತೆಗೇ ಬಂದಿದ್ದ ಅದೇ ಹಳೆಯ ಡೆಸ್ಕ್‌ಟಾಪ್, ಗ್ನೋಮ್, ನಗುತ್ತಾ ನಿಂತಿದೆ. ಗ್ನೋಮ್ ತನ್ನ ಮ್ಯಾನೇಜರನ್ನು ತಾನೇ ಕರೆದುಕೊಂಡು ಬರುತ್ತದೆ, ನಮ್ಮ ಪಟ್ಟಿಯನ್ನು ಕೇಳುವುದೇ ಇಲ್ಲ. ನನಗೆ ಅವಮಾನವಾಯಿತು. ಎಕ್ಸ್‌ಸೆಷನ್ ಎಂಬ ಕಡತದಲ್ಲಿ "ಎಕ್ಸೆಕ್ ಟಿಡಬ್ಲ್ಯೂಎಂ" ಎಂಬ ಒಂದೇ ಸಾಲು ಬರೆದು ಒಳಹೊಕ್ಕೆ.

ಬೋಳು ತೆರೆ. ನಡುವೆ ಗುಣಾಕಾರದ ಚಿಹ್ನೆಯಂಥ ಮೌಸ್ ಗುರುತು. ಎಡಗುಂಡಿ ಒತ್ತಿ ಹಿಡಿದರೆ ಮೆನು ಬರುತ್ತದೆ, ಬಿಟ್ಟರೆ ಮಾಯ. ಹಿಡಿದುಕೊಂಡೇ ಟರ್ಮಿನಲ್ ಆರಿಸಿದೆ. ಕಿಟಕಿ ತೆರೆಯಲಿಲ್ಲ. ಅದರ ಬದಲು ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ಗೆರೆಯ ಖಾಲಿ ಚೌಕಟ್ಟೊಂದು ಮೌಸಿಗೆ ಅಂಟಿಕೊಂಡು, ನಮ್ಮ ಬೀದಿಯ ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊತ್ತ ಆಳು "ಎಲ್ಲಿ ಇಳಿಸಲಿ" ಎಂದು ಸಾಹುಕಾರನ ಹಿಂದೆಯೇ ಸುತ್ತುವಂತೆ, ಹೋದಲ್ಲೆಲ್ಲ ಹಿಂಬಾಲಿಸಿತು. ಕ್ಲಿಕ್ಕಿಸಿದ ಮೇಲೆಯೇ ಅದು ಇಳಿದು ಕಿಟಕಿಯಾಯಿತು. ನನಗೆ ರೋಮಾಂಚನ. ಇಷ್ಟು ವಿನಯದಿಂದ ನನ್ನನ್ನು ಯಾವ ಯಂತ್ರವೂ ಕೇಳಿರಲಿಲ್ಲ.

ಆ ಹೊತ್ತಿಗೆ ಎದುರುಮನೆಯ ಅಜ್ಜಿ ಬಂದರು. ಮೊಮ್ಮಗಳ ಮದುವೆ. ಅವರು ದೇವಾಂಗದವರು, ನೇಕಾರರ ಮನೆತನ. ತಲೆತಲಾಂತರದಿಂದ ಮನೆಮಾತು ಕನ್ನಡವೇ, ಆದರೆ ಓದಿದ್ದೆಲ್ಲ ತಮಿಳು. ಕನ್ನಡ ಅಕ್ಷರ ಅಜ್ಜಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ದೊಡ್ಡಬಳ್ಳಾಪುರದ ನೆಂಟರಿಗೆ ಕನ್ನಡದಲ್ಲೇ ಪತ್ರಿಕೆ ಹೋಗಬೇಕೆಂದು ಹಟ ಹಿಡಿದು, ಅರ್ಧ ಟೈಪ್ ಮಾಡಿಸಿದ್ದರು. ಉಳಿದರ್ಧಕ್ಕೆ ಪಕ್ಕದಲ್ಲೇ ಕುರ್ಚಿ ಎಳೆದು ಕೂತರು.

ಪತ್ರಿಕೆ ತೆರೆದೆ. ಟರ್ಮಿನಲ್ ಅದನ್ನು ಅರ್ಧ ಮುಚ್ಚಿ ಕೂತಿತ್ತು. ಮುಚ್ಚೋಣವೆಂದರೆ ಮೂಲೆಯಲ್ಲಿ ಮುಚ್ಚುವ ಗುಂಡಿಯೇ ಇಲ್ಲ. ಲಾಸ್ಟ್ರೇಂಜ್ ಅದನ್ನು ಇಟ್ಟಿಲ್ಲ. ಮೆನುವಿನಲ್ಲಿ ಡಿಲೀಟ್ ಆರಿಸಿದೆ. ಮೌಸ್ ಗುರುತು ತಲೆಬುರುಡೆಯಾಯಿತು. ಸುಳ್ಳಲ್ಲ, ಕೆಳಗೆ ಎರಡು ಮೂಳೆ ಅಡ್ಡಡ್ಡ ಇಟ್ಟ ಸಾಕ್ಷಾತ್ ಬುರುಡೆ. ಯಾವ ಕಿಟಕಿಯನ್ನು ಕೊಲ್ಲಬೇಕೋ ಅದರ ಮೇಲೆ ಅದನ್ನು ಒತ್ತಬೇಕು. ಬುರುಡೆ ಆಗ ನಿಂತಿದ್ದು "ಶ್ರೀ ಸೌಡಾಂಬಿಕಾ ಪ್ರಸನ್ನ" ಎಂಬ ಸಾಲಿನ ನೆತ್ತಿಯ ಮೇಲೆ.

"ಮಂಡೆಓಡು," ಎಂದರು ಅಜ್ಜಿ, ಬಹಳ ಮೆಲ್ಲಗೆ.

ನಾನು ಬುರುಡೆಯನ್ನು ಪಕ್ಕಕ್ಕೆ ಸರಿಸಿದೆ. ಅದು ವರನ ಹೆಸರಿನ ಮೇಲೆ ಬಂತು. ಅಜ್ಜಿ "ಅಯ್ಯೋ" ಎಂದರು. ಗಾಬರಿಯಲ್ಲಿ ಕೆಳಗಿಳಿಸಿದೆ, ಮುಹೂರ್ತದ ಮೇಲೆ ನಿಂತಿತು. ಒತ್ತುವ ಹಾಗಿಲ್ಲ, ಒತ್ತಿದರೆ ಪತ್ರಿಕೆ ಖಲಾಸ್. ಬಿಡುವ ಹಾಗೂ ಇಲ್ಲ, ಆಷಾಢದ ಪಾಲಕ್ಕಾಡ್ ಗಾಳಿಗೆ ಬಾಗಿಲು ಬಡಿದಾಗಲೆಲ್ಲ ಬೆಚ್ಚಿ ಕೈ ಅದುರುತ್ತದೆ, ಬುರುಡೆ ಬೀಗರ ಸಾಲಿನ ಮೇಲೆಲ್ಲ ಓಡಾಡುತ್ತದೆ. "ಅದು ಬರೀ ಗುರುತು ಅಜ್ಜಿ," ಎಂದೆ. "ಯಾತರ ಗುರುತು ತಮ್ಮಾ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಅವರು ಎದ್ದು ಮನೆಗೆ ಹೋಗಿ ನಿಂಬೆಹಣ್ಣು ತಂದರು. ಲ್ಯಾಪ್‌ಟಾಪಿಗೆ ಎಡದಿಂದ, ಬಲದಿಂದ, ಮುಖ್ಯಮಂತ್ರಿಯ ಚಿತ್ರವೂ ಸೇರಿದಂತೆ ನಿವಾಳಿಸಿದರು. ಅವರ ಮೊಣಕೈ ತಗುಲಿ ನನ್ನ ಬೆರಳು ಖಾಲಿ ಜಾಗದಲ್ಲಿ ಒತ್ತಿಬಿಟ್ಟಿತು. ಟುಂಯ್ ಎಂದಿತು, ಬುರುಡೆ ಹೋಯಿತು. ಖಾಲಿ ಜಾಗದಲ್ಲಿ ಒತ್ತಿದರೆ ರದ್ದಾಗುವುದು ಟಿಡಬ್ಲ್ಯೂಎಂನ ನಿಯಮ. ನಮ್ಮ ಬೀದಿಯಲ್ಲಿ ಕೀರ್ತಿ ನಿಂಬೆಹಣ್ಣಿಗೇ.

ಆಮೇಲೆ ಟೈಪ್ ಮಾಡಲು ಕೂತರೆ ಕನ್ನಡ ಬರುತ್ತಿಲ್ಲ. ಐಬಸ್ ಗ್ನೋಮಿನ ಆರಂಭದ ಪಟ್ಟಿಯಲ್ಲಿತ್ತು, ಗ್ನೋಮಿಲ್ಲದೆ ಅದನ್ನು ಎಬ್ಬಿಸುವವರಿಲ್ಲ. ಅಳಿಯನಿಗೆ ಫೋನ್ ಮಾಡಿದೆ. "ಇಂಗ್ಲಿಷಲ್ಲಿ ಹೊಡೆದುಬಿಡಿ ಮಾವ, ಈಗ ಕನ್ನಡ ಯಾರು ಓದ್ತಾರೆ?" ಎಂದ. ಹಿಂದಿನಿಂದ ಅವನ ಮಗ ಇಂಗ್ಲಿಷಿನಲ್ಲಿ ಏನೋ ಕೂಗುತ್ತಿದ್ದ. ಬೆಂಗಳೂರಿನಲ್ಲಿದ್ದುಕೊಂಡೇ ಮನೆಮಾತು ಕೈಬಿಟ್ಟವನು ಇವನು. ಅಕ್ಷರವೇ ಗೊತ್ತಿಲ್ಲದೆ ಇಲ್ಲಿ ಅದನ್ನು ಉಳಿಸಿಕೊಂಡವರು ನಿಂಬೆಹಣ್ಣು ಹಿಡಿದು ನನ್ನ ಪಕ್ಕದಲ್ಲಿ ಕೂತಿದ್ದರು. ಫೋನ್ ಇಟ್ಟೆ. ಉಳಿದರ್ಧವನ್ನು ಅಜ್ಜಿ ಹೇಳುತ್ತಾ ಹೋದರು, ನಾನು ಕೈಯಲ್ಲೇ ಬರೆದೆ. ದೊಡ್ಡಬಳ್ಳಾಪುರಕ್ಕೆ ಹೋದದ್ದು ಅದರ ಜೆರಾಕ್ಸ್.

ಗ್ನೋಮಿಗೆ ಮರಳಿದೆನೆಂದು ತಿಳಿಯಬೇಡಿ. ಟಿಡಬ್ಲ್ಯೂಎಂನ ಸಂರಚನಾ ಕಡತದಲ್ಲಿ ಬುರುಡೆಯನ್ನೂ ಬದಲಾಯಿಸಬಹುದು. ಎಕ್ಸ್‌ನ ಗುರುತುಗಳ ಪಟ್ಟಿಯಲ್ಲಿ ಹೃದಯವೂ ಇದೆ. ಈಗ ನಾನು ಕಿಟಕಿಗಳನ್ನು ಹೃದಯದಿಂದಲೇ ಕೊಲ್ಲುತ್ತೇನೆ. ನೀವೂ ಈ ದಾರಿ ಹಿಡಿಯುವುದಾದರೆ ಒಂದು ಮಾತು: ಐಬಸ್ ಡೀಮನ್ ಎಬ್ಬಿಸುವ ಸಾಲನ್ನು "ಎಕ್ಸೆಕ್" ಸಾಲಿಗಿಂತ ಮೇಲೆ ಬರೆಯಿರಿ. ಕೆಳಗೆ ಬರೆದದ್ದು ಯಾವುದೂ ಓಡುವುದಿಲ್ಲ.