ಎಡಗೆನ್ನೆಯ ಸಾವಯವ ಕೃಷಿ

ಬೋರಿವಲಿಯಿಂದ ಚರ್ಚ್‌ಗೇಟಿಗೆ ಹೊರಡುವ ಬೆಳಗಿನ ಲೋಕಲ್ಲಿನಲ್ಲಿ ಎಡಬದಿಯ ವಿಂಡೋ ಸೀಟಿಗೆ ಹೆಚ್ಚು ಪೈಪೋಟಿ ಇರುವುದಿಲ್ಲ. ಗಾಡಿ ನಿಲ್ಲುವ ಮೊದಲೇ ಜನ ಹಾರಿ, ಕರವಸ್ತ್ರ ಎಸೆದು, ಒಬ್ಬರನ್ನೊಬ್ಬರು ದೂಡಿಕೊಂಡು ಬಲಬದಿಗೆ ನುಗ್ಗುತ್ತಾರೆ. ನಾನು ನಿಧಾನಕ್ಕೆ ಹತ್ತಿ, ಎಡಕ್ಕೆ ಹೋಗಿ, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಕೂರುತ್ತೇನೆ. ಸಂಜೆ ಮನೆಗೆ ಮರಳುವ ಗಾಡಿಯಲ್ಲೂ ಹಾಗೆಯೇ, ಎಡಬದಿಯೇ ಸುಲಭಕ್ಕೆ ಸಿಗುತ್ತದೆ. ಬ್ಯಾಂಕಿನ ಕೆಲಸಕ್ಕೆಂದು ಕುಂದಾಪುರದಿಂದ ಬಂದು ಇಲ್ಲೇ ತಲೆ ನರೆಸಿಕೊಂಡ ನನಗೆ, ಈ ಗುಟ್ಟು ಇಡೀ ವೆಸ್ಟರ್ನ್ ಲೈನಿನಲ್ಲಿ ನನ್ನೊಬ್ಬನಿಗೇ ಹೊಳೆದದ್ದು ಎಂಬ ಹೆಮ್ಮೆ ಇತ್ತು. ಗುಜರಾತಿ ಶೇರು ದಲ್ಲಾಳಿಗಳಿಗೂ ತಿಳಿಯದ ಲೆಕ್ಕ ಇದು ಎಂದುಕೊಂಡು ಕಣ್ಣು ಮುಚ್ಚಿ ನಿದ್ದೆ ಹೊಡೆಯುತ್ತಿದ್ದೆ.

ಬೆಳಿಗ್ಗೆ ಗಾಡಿ ದಕ್ಷಿಣಕ್ಕೆ ಹೋಗುತ್ತದೆ, ಎಡಕ್ಕೆ ಪೂರ್ವ. ಸಂಜೆ ಉತ್ತರಕ್ಕೆ ಬರುತ್ತದೆ, ಎಡಕ್ಕೆ ಪಶ್ಚಿಮ. ಸೂರ್ಯ ಎಲ್ಲಿ ಹುಟ್ಟುತ್ತಾನೆ, ಎಲ್ಲಿ ಮುಳುಗುತ್ತಾನೆ ಎಂಬುದು ಮೂರನೇ ಕ್ಲಾಸಿನ ಪಾಠ. ಆ ದಿನ ನಾನು ರಜೆ ಹಾಕಿದ್ದಿರಬೇಕು.

ಮಾಟುಂಗಾದಲ್ಲಿ ನಡೆದ ಒಂದು ಮದುವೆಯಲ್ಲಿ ಊರಿನಿಂದ ಬಂದ ದೊಡ್ಡಮ್ಮ ನನ್ನ ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. “ಎಂತದಾ ಇದು? ಒಂದ್ ಕೆನ್ನೆ ಒಬ್ಬಂದ್, ಇನ್ನೊಂದ್ ಇನ್ನೊಬ್ಬಂದಾ?” ಪಂಕ್ತಿಯಲ್ಲಿ ಕುಳಿತವರೆಲ್ಲ ಪಾಯಸ ಬಿಟ್ಟು ನನ್ನ ಮುಖದ ಕಡೆ ನೋಡಿದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ದೊಡ್ಡಮ್ಮನಿಗೆ ಎಪ್ಪತ್ತೆಂಟಾದರೂ ಕಣ್ಣು ಚುರುಕಾಗಿದೆ.

ಮಗಳು ಫೋನಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದಳು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2012ರಲ್ಲಿ ಪ್ರಕಟಿಸಿದ ಚಿತ್ರವಂತೆ. 28 ವರ್ಷ ಟ್ರಕ್ ಓಡಿಸಿದ 69ರ ಹರೆಯದ ಅಮೆರಿಕನ್. ಬಲಗೆನ್ನೆ ವಯಸ್ಸಿಗೆ ತಕ್ಕಂತಿದೆ, ಕಿಟಕಿಯ ಕಡೆಗಿದ್ದ ಎಡಗೆನ್ನೆ ಅವನ ಅಪ್ಪನದ್ದು. ಬಿಸಿಲಿನಲ್ಲಿ ಯುವಿಬಿ, ಯುವಿಎ ಎಂದು ಎರಡು ಬಗೆಯ ಕಿರಣ. ಯುವಿಬಿ ಚರ್ಮ ಸುಡುತ್ತದೆ, ಗಾಜು ಅದನ್ನು ಬಹುಪಾಲು ತಡೆಯುತ್ತದೆ. ಯುವಿಎ ಮಾತ್ರ ಗಾಜಿದ್ದರೂ ಮೋಡವಿದ್ದರೂ ಒಳಗೆ ಬಂದು ಚರ್ಮದ ಆಳಕ್ಕಿಳಿಯುತ್ತದೆ ಎಂದು ಮಗಳು ವಿವರಿಸಿದಳು. ನಾನೋ, ಗಾಳಿಗೆಂದು ಗಾಜನ್ನು ಮೇಲೆತ್ತಿಯೇ ಕೂರುವವನು. “ಪಪ್ಪಾ, ಆ ಟ್ರಕ್ಕಿನವನಿಗೆ ಗಾಜಾದರೂ ಇತ್ತು” ಎಂದಳು.

ಸನ್‌ಸ್ಕ್ರೀನ್ ತರುವುದೆಂದು ತೀರ್ಮಾನವಾಯಿತು. ಆದರೆ ನನ್ನದೊಂದು ಷರತ್ತಿತ್ತು, ಕೆಮಿಕಲ್ ಇರಬಾರದು. ಕೆಮಿಕಲ್ ಎಂದರೆ ನನಗೆ ಗೊತ್ತಿದ್ದದ್ದು ಯಶವಂತ ಚಿತ್ತಾಲರ ‘ಶಿಕಾರಿ’ ಓದಿ ತಿಳಿದಷ್ಟೇ. ಆ ಕಾದಂಬರಿಯ ನಾಗಪ್ಪ ಕೆಲಸ ಮಾಡುವ ಕೆಮಿಕಲ್ ಕಂಪನಿಯ ಕಥೆ ಓದಿದವರು ಯಾವ ಕೆಮಿಕಲ್ಲನ್ನೂ ಮುಖದ ಹತ್ತಿರ ಬಿಟ್ಟುಕೊಳ್ಳಲಾರರು. ಹಾಗಾಗಿ ಸ್ಟೇಷನ್ ಪಕ್ಕದ ಮೆಡಿಕಲ್ಲಿಗೆ ಹೋಗಿ, ಯಾವ ಟ್ಯೂಬಿನ ಮೇಲೆ ಅತಿ ಹೆಚ್ಚು ಎಲೆಗಳ ಚಿತ್ರ ಇದೆಯೋ ಅದನ್ನು ಆರಿಸಿದೆ. ಶ್ರೀಗಂಧ, ತುಳಸಿ, ಕೇಸರಿ, ಲೋಳೆಸರ, ಮೂಲೆಯಲ್ಲಿ ಒಂದು ಇಬ್ಬನಿ. “ಪ್ಯೂರ್ ಆರ್ಗ್ಯಾನಿಕ್ ಹೈ ಅಂಕಲ್” ಎಂದ ಹುಡುಗ. ಇಬ್ಬನಿಗೂ ದುಡ್ಡು ತೆತ್ತು ಬಂದೆ.

ನನ್ನ ತಂಗಿಯ ಮಗ ಮಾಟುಂಗಾದ ರಸಾಯನ ತಂತ್ರಜ್ಞಾನ ಸಂಸ್ಥೆಯಲ್ಲಿ ಓದುತ್ತಾನೆ. 1933ರಲ್ಲಿ ಶುರುವಾದ ಸಂಸ್ಥೆ. ಹಳಬರ ಬಾಯಲ್ಲಿ ಈಗಲೂ ಯುಡಿಸಿಟಿ. ಭಾನುವಾರ ಊಟಕ್ಕೆ ಬಂದವನು ಟ್ಯೂಬನ್ನು ತಿರುಗಿಸಿ, ನಾನು ಈವರೆಗೆ ಕಣ್ಣು ಹಾಯಿಸದ ಹಿಂಬದಿಯನ್ನು ಓದತೊಡಗಿದ. “ಮಾವ, ಇಲ್ಲಿ ಹೆಸರುಗಳು ಪ್ರಮಾಣದ ಇಳಿಕೆ ಕ್ರಮದಲ್ಲಿ ಇರುತ್ತವೆ. ಮೊದಲನೆಯದು ನೀರು. ಇದು ಫೆನಾಕ್ಸಿಎಥನಾಲ್, ಕ್ರೀಮು ಕೆಡದಿರಲು ಹಾಕುವುದು. ಇದಕ್ಕೆ ಶೇಕಡಾ ಒಂದರ ಮಿತಿ ಇದೆ. ನಿಮ್ಮ ಗಂಧ, ಕೇಸರಿ, ತುಳಸಿ ಎಲ್ಲ ಇದರಿಂದ ಕೆಳಗಿವೆ.” ಅಂದರೆ ಹೊದಿಕೆಯ ಮೇಲೆ ಇಡೀ ತೋಟ, ಒಳಗೆ ಒಂದೆರಡು ಎಲೆಯ ನೆರಳು. ಸಾವಯವದ ಸರ್ಕಾರಿ ಗುರುತು ಇರಬೇಕಲ್ಲ ಎಂದೆ. ಜೈವಿಕ್ ಭಾರತ್ ಗುರುತು ಅಕ್ಕಿ, ಬೇಳೆ, ಬೆಲ್ಲದಂತಹ ಆಹಾರಕ್ಕೆ, ಕ್ರೀಮಿಗಲ್ಲ ಎಂದ. ಕ್ರೀಮಿನ ಮೇಲೆ ಎಲೆ ಬಿಡಿಸಲು ಒಬ್ಬ ಕಲಾವಿದ ಸಾಕಂತೆ.

“ಹಾಗಾದರೆ ಬಿಸಿಲು ತಡೆಯುವುದು ಯಾವುದು?”

“ಇದು,” ಎಂದು ಒಂದು ಹೆಸರಿನ ಮೇಲೆ ಬೆರಳಿಟ್ಟ. “ಜಿಂಕ್ ಆಕ್ಸೈಡ್. ಬಿಳಿ ಪುಡಿ.”

ಅಷ್ಟು ಕೇಳಿದ್ದೇ ನನ್ನ ತಲೆಯಲ್ಲಿ ಚಂಡೆ ಬಾರಿಸಿತು. ನಮ್ಮ ಮಾವ, ಅಂದರೆ ಹೆಂಡತಿಯ ಅಪ್ಪ, ಹವ್ಯಾಸಿ ಯಕ್ಷಗಾನ ವೇಷಧಾರಿ. ವೇಷ ಕಟ್ಟುವ ಚೌಕಿಯಲ್ಲಿ ಅವರು ಮುಖಕ್ಕೆ ಹಚ್ಚುತ್ತಿದ್ದ ಬಿಳಿ ಸಫೇದ ಇದೇ ಅಲ್ಲವೇ? ತೆಂಗಿನೆಣ್ಣೆಯಲ್ಲಿ ಕಲಸಿ ಬಳಿದುಕೊಳ್ಳುತ್ತಿದ್ದರು. ನಮ್ಮವರು ತಲೆಮಾರುಗಳಿಂದ ಸನ್‌ಸ್ಕ್ರೀನ್ ಹಚ್ಚಿಕೊಂಡಿದ್ದಾರೆ, ರಾತ್ರಿ ಹಚ್ಚಿದ್ದೊಂದೇ ವ್ಯತ್ಯಾಸ! “ಚೌಕಿಯ ಬಣ್ಣವೆಲ್ಲ ನೈಸರ್ಗಿಕ, ಗೊತ್ತುಂಟಾ?” ಎಂದು ಅಳಿಯನಿಗೆ ಬೀಗಿದೆ. ಅವನು ಅನ್ನಕ್ಕೆ ಸಾರು ಹಾಕಿಕೊಳ್ಳುತ್ತ, “ಹೌದು ಮಾವ. ಹಳದಿಗೆ ಬಳಸುತ್ತಿದ್ದ ಅರದಾಳ ಆರ್ಸೆನಿಕ್, ಕೆಂಪಿಗೆ ಬಳಸುತ್ತಿದ್ದ ಇಂಗಳೀಕ ಪಾದರಸ. ಎರಡೂ ಭೂಮಿಯಿಂದ ಬಂದ ಶುದ್ಧ ನೈಸರ್ಗಿಕ ವಿಷ” ಎಂದ. ಒಳ್ಳೆಯ ಯೋಜನೆಯೊಂದು ತಲೆಗೆ ಹೊಕ್ಕಾಗ ಇಂತಹ ಮಾತು ಕಿವಿಗೆ ಬೀಳುವುದಿಲ್ಲ.

ಪ್ರಿನ್ಸೆಸ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಜಿಂಕ್ ಆಕ್ಸೈಡ್ ಕೇಳಿದೆ. ಸೇಠ್ ತಲೆಯೆತ್ತದೆ ಕೇಳಿದ: ಟಯರಿಗಾ, ಪೇಂಟಿಗಾ, ಮುಲಾಮಿಗಾ? ಈ ಪುಡಿ ಅತಿ ಹೆಚ್ಚು ಹೋಗುವುದು ರಬ್ಬರ್ ಗಟ್ಟಿಮಾಡಲು, ಟಯರಿಗೆ ಎಂಬುದು ಆಗ ತಿಳಿಯಿತು. “ಮುಖಕ್ಕೆ” ಎಂದೆ. ಅವನು ಈಗ ತಲೆಯೆತ್ತಿದ. ನನ್ನ ಎಡಗೆನ್ನೆ ನೋಡಿ, ಏನೂ ಅನ್ನದೆ, ಐಪಿ ಗ್ರೇಡಿನ, ಅಂದರೆ ಮುಲಾಮಿನ ದರ್ಜೆಯ, ಡಬ್ಬ ಇಳಿಸಿದ. ಚಿಲ್ಲರೆ ಕೊಡುವುದಿಲ್ಲ, ಒಂದು ಕಿಲೋ ಒಯ್ಯಿರಿ ಎಂದ. ಸೂರ್ಯ ಇನ್ನೂ ಬಹಳ ವರ್ಷ ಇರುತ್ತಾನೆ ಎಂದುಕೊಂಡು ಒಯ್ದೆ.

ಅಡುಗೆಮನೆಯಲ್ಲಿ ಪ್ರಯೋಗ. ಊರಿನ ಗಾಣದ ತೆಂಗಿನೆಣ್ಣೆ, ಬಾಲ್ಕನಿಯ ಕುಂಡದ ಲೋಳೆಸರ, ಜಿಂಕ್ ಪುಡಿ. ತೆಂಗಿನೆಣ್ಣೆಗೆ ತಾನಾಗಿಯೇ ಎಂಟರ ಹತ್ತಿರ ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಂಕ, ಇದೆ ಎಂದು 2010ರಲ್ಲಿ ರಾಯಪುರದ ಸಂಶೋಧಕರು ಬರೆದದ್ದನ್ನು ನಾನು ಹುಡುಕಿ ಇಟ್ಟುಕೊಂಡಿದ್ದೆ. ಅದು ಎಣ್ಣೆಯನ್ನು ಮದ್ಯಸಾರದಲ್ಲಿ ಬೆರೆಸಿ ಯಂತ್ರದಲ್ಲಿ ಅಳೆದ ಸಂಖ್ಯೆ, ಯಾರ ಕೆನ್ನೆಯ ಮೇಲೂ ಅಳೆದದ್ದಲ್ಲ ಎಂಬ ಭಾಗವನ್ನು ಓದದೆ ದಾಟಿದ್ದೆ. ಎಂಟು ಇದಕ್ಕೆ, ಜಿಂಕಿಗೆ ಇಪ್ಪತ್ತೈದು ಹಿಡಿಯಿರಿ, ಮೇಲಿಂದ ಮೆಡಿಕಲ್ಲಿನ ಟ್ಯೂಬಿನ ಮೂವತ್ತು: ಕೂಡಿಸಿದರೆ 63. ಬ್ಯಾಂಕಿನವನಿಗೆ ಕೂಡುವ ಲೆಕ್ಕ ಕಲಿಸಬೇಕಾಗಿಲ್ಲ. ಎಸ್‌ಪಿಎಫ್ ಹಾಗೆ ಕೂಡುವುದಿಲ್ಲ, ಅದೂ ಯುವಿಬಿಯ ಲೆಕ್ಕ ಮಾತ್ರ; 15 ಸುಮಾರು ಶೇ. 93ರಷ್ಟು ತಡೆದರೆ 30 ಶೇ. 97, 50 ಶೇ. 98 ತಡೆಯುತ್ತದೆ, ನೂರಕ್ಕೆ ನೂರು ಯಾವುದೂ ಇಲ್ಲ ಎಂಬುದನ್ನು ಆಮೇಲೆ ಬೇರೆಯವರು ಹೇಳಿದರು. ಕಡೆಗೆ ಘಮಕ್ಕೂ ವಿಟಮಿನ್ ಸಿಗೂ ಇರಲಿ ಎಂದು ಲಿಂಬೆಹಣ್ಣು ಹಿಂಡಿದೆ. ಸಿಪ್ಪೆಯನ್ನೂ ತುರಿದು ಹಾಕಿದೆ. ಪೋಲು ಮಾಡುವುದು ನಮ್ಮ ಪದ್ಧತಿಯಲ್ಲ.

“ಇದನ್ನು ತಿನ್ನುವುದಾ, ಹಚ್ಚುವುದಾ ಮಾರಾಯ್ರೆ?” ಎಂದಳು ಹೆಂಡತಿ.

ಪರೀಕ್ಷೆಗೆ ಏಪ್ರಿಲ್ ತಿಂಗಳ ಭಾನುವಾರದ ನಡುಮಧ್ಯಾಹ್ನ ಗೊರಾಯ್ ಬೀಚು. ವಿಜ್ಞಾನಿಗಳು ಒಂದಕ್ಕೆ ಮದ್ದು ಕೊಟ್ಟು ಇನ್ನೊಂದನ್ನು ಹಾಗೇ ಬಿಡುತ್ತಾರೆ ಎಂದು ಓದಿದ್ದರಿಂದ ಎಡಗೆನ್ನೆಗೆ ಮಾತ್ರ ದಪ್ಪಗೆ ಮೆತ್ತಿಕೊಂಡೆ. ಖಾಡಿ ದಾಟುವ ಬೋಟಿನಲ್ಲಿ ನನ್ನ ಒಂದು ಕೆನ್ನೆ ಕಾವಲಿಯಿಂದ ಆಗತಾನೆ ಎತ್ತಿದ ನೀರ್ದೋಸೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು. ಎದುರು ಕುಳಿತ ಮಗು ಕೇಳಿಯೇಬಿಟ್ಟಿತು: “ಮಮ್ಮೀ, ಅಂಕಲ್ ಆಧೇ ಗೋರೇ ಕ್ಯೂಂ ಹೈ?” ಮಮ್ಮಿ ಸಮುದ್ರದ ಕಡೆ ನೋಡಿದಳು. ಮುಂಬೈಯ ಬೆವರಿಗೆ ಜಿಂಕು ಗಂಟುಗಂಟಾಗಿ ನಿಂತಿತು, ಲಿಂಬೆರಸ ಮಾತ್ರ ಗೆರೆಗೆರೆಯಾಗಿ ಕತ್ತಿನವರೆಗೆ ಇಳಿಯಿತು. ಬೀಚಿಗಿಳಿದು ನಾನು ಗೊರಾಯ್‌ನ ಪಗೋಡದ ಕಡೆ ಮುಖ ಮಾಡಿ, ಎಡಗೆನ್ನೆಯನ್ನು ಸೂರ್ಯನಿಗೆ ಒಡ್ಡಿ ನಿಂತೆ.

ಎರಡನೇ ದಿನ ಕೆಂಪು, ಉರಿ, ಸಣ್ಣ ಗುಳ್ಳೆ. ಆಮೇಲೆ ಕಂದು ಬಣ್ಣದ ಪಟ್ಟೆಗಳು, ಲಿಂಬೆರಸ ಎಲ್ಲೆಲ್ಲಿ ಹರಿದಿತ್ತೋ ಅಲ್ಲೆಲ್ಲ, ಕತ್ತಿನ ತನಕ. ಏನೂ ಹಚ್ಚದ ಬಲಗೆನ್ನೆ ಒಂದಿಷ್ಟು ಕಂದಿ ಸುಮ್ಮನಿತ್ತು. ಪ್ರಯೋಗ ವೈಜ್ಞಾನಿಕವಾಗಿ ಯಶಸ್ವಿಯಾಗಿತ್ತು.

ಚರ್ಮದ ಡಾಕ್ಟರು ನಮ್ಮ ಕರಾವಳಿಯವರೇ. ನನ್ನನ್ನು ನೋಡಿ, ಕುಳಿತುಕೊಳ್ಳಿ ಅನ್ನುವ ಮೊದಲೇ “ಲಿಂಬೆಹಣ್ಣಾ?” ಎಂದರು. ನಾನು ತಲೆತಗ್ಗಿಸಿದೆ. ಲಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೋಕೌಮರಿನ್ ಎಂಬ ವಸ್ತು ಇರುತ್ತದಂತೆ. ಅದು ಚರ್ಮದ ಮೇಲಿರುವಾಗ ಯುವಿಎ ಬಿದ್ದರೆ ಚರ್ಮ ಸುಡುತ್ತದೆ, ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಬಿಸಿಲಲ್ಲಿ ನಿಂತು ಲಿಂಬೆ ಹಿಂಡುವವರ ಕೈಗೂ ಇದು ಬರುತ್ತದೆ. ಅಂಜೂರದ ಹಾಲಿಗೂ ಇದೇ ಗುಣ. ತೊನ್ನಿನ ಬಿಳಿ ಕಲೆಗೆ ಬಣ್ಣ ಬರಿಸಲು ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಒಡ್ಡುತ್ತಿದ್ದುದೂ ಇದೇ ನಂಟಿನ ವಸ್ತುವಿನ ಬಲದಿಂದ. “ಅಂದರೆ ನೀವು ಬಿಸಿಲು ತಡೆಯುವ ಮದ್ದು ಮಾಡಲಿಲ್ಲ, ಬಿಸಿಲನ್ನು ಕರೆದು ಕೂರಿಸುವ ಮದ್ದು ಮಾಡಿದಿರಿ. ಹಾಗೆ ನೋಡಿದರೆ ಬಹಳ ಚೆನ್ನಾಗಿ ಮಾಡಿದಿರಿ” ಎಂದರು. ಜಿಂಕ್ ಯಾಕೆ ಕೆಲಸ ಮಾಡಲಿಲ್ಲ ಎಂದು ಕೇಳಿದೆ. ಕಾರ್ಖಾನೆಯಲ್ಲಿ ಅದನ್ನು ಒಂದೇ ಸಮನೆ ಹರಡುವಂತೆ ಅರೆದು ಬೆರೆಸುತ್ತಾರೆ, ನಿಮ್ಮ ಸೌಟು ಗಂಟು ಮಾಡಿತು, ಗಂಟಿನ ನಡುವಿನ ಜಾಗದಲ್ಲಿ ಬಿಸಿಲು ಆರಾಮಾಗಿ ಓಡಾಡಿತು ಎಂದರು.

ಮನೆಗೆ ಬಂದು ಬಾಟಲಿ ತೆರೆದರೆ ಮೇಲೆ ಹಸಿರು ಬೂಸು. ಅದಕ್ಕೇ ಫೆನಾಕ್ಸಿಎಥನಾಲ್ ಹಾಕುವುದು ಎಂದು ಅಳಿಯ ಹೇಳಬಹುದಾಗಿತ್ತು, ಹೇಳಲಿಲ್ಲ, ದೊಡ್ಡ ಮನುಷ್ಯ. ಬದಲಿಗೆ ಇನ್ನೊಂದು ಹೇಳಿದ. “ಮಾವ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಇಂಗಾಲ ಇದ್ದದ್ದು ಸಾವಯವ. ಕೆಲವು ಸನ್‌ಸ್ಕ್ರೀನುಗಳಲ್ಲಿ ಬಿಸಿಲು ತಡೆಯಲು ಹಾಕುವ, ನೀವು ಹೆದರುವ ಆಕ್ಸಿಬೆಂಜೋನ್ ಅಪ್ಪಟ ಆರ್ಗ್ಯಾನಿಕ್. ನಿಮ್ಮ ಜಿಂಕೇ ಇನ್‌ಆರ್ಗ್ಯಾನಿಕ್.” ಸೋತವನಿಗೆ ಹೀಗೆ ಬೆನ್ನ ಮೇಲೆ ಹೊಡೆಯಬಾರದು. ಆಕ್ಸಿಬೆಂಜೋನ್ ಹವಳಕ್ಕೆ ಕೆಟ್ಟದ್ದೆಂದು ಹವಾಯಿಯಲ್ಲಿ 2018ರಲ್ಲಿ ಕಾನೂನು ಮಾಡಿ, 2021ರಿಂದ ಮಾರಾಟ ನಿಲ್ಲಿಸಿದ್ದಾರಲ್ಲ ಎಂದು ನಾನು ಕೊನೆಯ ಬಾಣ ಬಿಟ್ಟೆ. “ಗೊರಾಯ್‌ನಲ್ಲಿ ಮೊಣಕಾಲಿಗಿಂತ ಆಚೆ ಇಳಿದವರಲ್ಲ, ನಿಮಗೆ ಯಾವ ಹವಳ?” ಎಂದು ಹೆಂಡತಿ ಅದನ್ನು ಅರ್ಧದಲ್ಲೇ ತುಂಡರಿಸಿದಳು.

ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದರಲ್ಲಿ ಎಲೆ, ಹೂ, ಇಬ್ಬನಿ ಏನೂ ಇರಲಿಲ್ಲ. ಬ್ರಾಡ್ ಸ್ಪೆಕ್ಟ್ರಮ್ ಎಂದಿರಬೇಕು, ಎಸ್‌ಪಿಎಫ್ 30 ಅಥವಾ ಮೇಲೆ, ಯುವಿಎಗಾಗಿ ಪಿಎ ಮುಂದೆ ಮೂರು ಪ್ಲಸ್ಸು, ಸುಗಂಧ ಬೇಡ, ತಯಾರಿಕಾ ಪರವಾನಗಿ ಸಂಖ್ಯೆಯೂ ಅವಧಿ ಮುಗಿಯುವ ತಿಂಗಳೂ ನೋಡಿ. ಜಿಂಕ್ ಆಗಲಿ ಬೇರೆ ಫಿಲ್ಟರ್ ಆಗಲಿ, ನಿಮ್ಮ ಚರ್ಮಕ್ಕೆ ಒಗ್ಗಿದರೆ ಸರಿ. ಹಚ್ಚುವ ಅಳತೆ ಎರಡು ಬೆರಳುದ್ದ, ಮುಖಕ್ಕೂ ಕತ್ತಿಗೂ. ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ, ಅದರ ಅರ್ಧ ಹಚ್ಚಿದವನಿಗೆ ಡಬ್ಬದ ಮೇಲಿನ ಸಂಖ್ಯೆ ಅನ್ವಯಿಸುವುದಿಲ್ಲ.

ಈ ಅಳತೆಯಲ್ಲಿ ಹಚ್ಚಿದರೆ 50 ಗ್ರಾಮಿನ ಟ್ಯೂಬು ತಿಂಗಳೂ ಬಾರದು. ಮೆಡಿಕಲ್ಲಿನ ಆ ಎಲೆಯ ಟ್ಯೂಬನ್ನು ನಾನು ಕಡಲೆಕಾಳಿನಷ್ಟು ತೆಗೆದು, ಗಣೇಶ ಚತುರ್ಥಿಯವರೆಗೆ ಬರಬೇಕೆಂದು ಲೆಕ್ಕ ಹಾಕಿದ್ದೆ. ಯಾವ ಗಣೇಶ ಚತುರ್ಥಿ ಎಂದು ಹೆಂಡತಿ ಕೇಳಿದ್ದಳು. ಬರುವ ವರ್ಷದ್ದು ಎಂದಿದ್ದೆ. ಈಗ ಹೊಸ ಟ್ಯೂಬನ್ನು ಅವಳೇ ಬೆರಳಿಗೆ ಹಿಂಡಿ ಕೊಡುತ್ತಾಳೆ, ನನ್ನ ಕೈಗೆ ಟ್ಯೂಬು ಕೊಡುವುದಿಲ್ಲ.

ಉಳಿದದ್ದು ಒಂದು ಕಿಲೋದಲ್ಲಿ ಮುಕ್ಕಾಲಿಗೂ ಮೀರಿದ ಜಿಂಕ್ ಪುಡಿ. ಲಿಂಬೆ ತಾಗದ್ದು, ಮುಲಾಮಿನ ದರ್ಜೆಯದು. ಬಿಸಾಡಲು ಮನಸ್ಸು ಬರಲಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ನಮ್ಮ ಕಡೆಯ ಮಕ್ಕಳು ಮಹಿಷಾಸುರನ ಯಕ್ಷಗಾನ ಆಟ ಆಡುವುದಿತ್ತು. ಚೌಕಿಗೆ ಒಯ್ದು ಕೊಟ್ಟೆ. ಬಣ್ಣ ಹಚ್ಚುವ ಹಿರಿಯರು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿ, “ಒಳ್ಳೆ ಸಫೇದ, ಎಲ್ಲಿ ಸಿಕ್ಕಿತು?” ಎಂದರು. ತೆಂಗಿನೆಣ್ಣೆಯಲ್ಲಿ ನಯವಾಗಿ, ಒಂದು ಗಂಟೂ ಇಲ್ಲದಂತೆ ಅರೆದರು. ನಾನು ಗಂಟೆಗಟ್ಟಲೆ ತಿರುವಿ ಮಾಡಲಾಗದ್ದನ್ನು ಅವರ ಅಂಗೈ ಕ್ಷಣದಲ್ಲಿ ಮಾಡಿತು. ದೇವೇಂದ್ರ, ಅಗ್ನಿ, ವರುಣ, ದೇವಿ, ಎಲ್ಲರ ಮುಖಕ್ಕೂ ನನ್ನ ಜಿಂಕ್ ಏರಿತು, ಧಾರಾಳವಾಗಿ, ಎರಡು ಬೆರಳೇನು ನಾಲ್ಕು ಬೆರಳಿನ ಲೆಕ್ಕದಲ್ಲಿ. ಬಾಗಿಲು ಮುಚ್ಚಿದ ಸಭಾಂಗಣ, ರಾತ್ರಿ ಒಂಬತ್ತು ಗಂಟೆ, ಕಿಟಕಿಗಳಿಗೆಲ್ಲ ಪರದೆ. ನನ್ನ ಸನ್‌ಸ್ಕ್ರೀನ್ ಹಚ್ಚಿಕೊಂಡವರಲ್ಲಿ ಒಬ್ಬರಿಗೂ ಬಿಸಿಲು ತಾಗಲಿಲ್ಲ.